ಇಂಪ್ಲಾಂಟ್‌ಗೆ ಲೇಪನ ಹಚ್ಚಿದರೆ ಮೂಳೆ ನಿಜಕ್ಕೂ ಬೇಗ ಕೂಡುತ್ತದೆಯೇ?

ಹಲ್ಲಿನ ಇಂಪ್ಲಾಂಟ್, ಅಂದರೆ ಹೋದ ಹಲ್ಲಿನ ಜಾಗದಲ್ಲಿ ದವಡೆಯ ಮೂಳೆಗೆ ಕೂರಿಸುವ ಲೋಹದ ಸ್ಕ್ರೂ, ಇದರ ಬಗ್ಗೆ ಈಚೆಗೆ ಬರುತ್ತಿರುವ ಸುದ್ದಿಗಳನ್ನು ಒಟ್ಟಿಗೆ ಓದಿದರೆ ಯಾರಿಗಾದರೂ ಗೊಂದಲವಾಗುತ್ತದೆ. ಸ್ಕ್ರೂಗೆ ಅಲ್ಟ್ರಾವಯಲೆಟ್ ಬೆಳಕು ಹಾಯಿಸಿದರೆ ಮೂಳೆ ಬೇಗ ಹಿಡಿಯುತ್ತದೆ ಎನ್ನುತ್ತದೆ ಒಂದು ವರದಿ. ರೋಗಿಯ ರಕ್ತದಿಂದಲೇ ಮಾಡಿದ ಜೆಲ್ ಸವರಿದರೆ ಗಾಯ ಬೇಗ ಮಾಯುತ್ತದೆ ಎನ್ನುತ್ತದೆ ಇನ್ನೊಂದು. ವಿಟಮಿನ್ ಡಿ, ನಿದ್ದೆಯ ಹಾರ್ಮೋನ್ ಮೆಲಟೋನಿನ್, ಮೂಳೆ ಸವೆತಕ್ಕೆ ಕೊಡುವ ಔಷಧಿ, ಇವನ್ನೆಲ್ಲ ಇಂಪ್ಲಾಂಟ್ ಮೇಲೆ ಹಚ್ಚಿ ನೋಡಿದ ಪ್ರಯೋಗಗಳೂ ಇವೆ. 2025ರಲ್ಲಿ ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದಿಂದ ಬಂದ ಸುದ್ದಿ ಇದೆಲ್ಲಕ್ಕೂ ಉಲ್ಟಾ. ಅಲ್ಲಿನ ಸಂಶೋಧಕರು ಇಲಿಗಳಲ್ಲಿ ಪರೀಕ್ಷಿಸಿದ ಇಂಪ್ಲಾಂಟ್ ಮೂಳೆಗೆ ನೇರವಾಗಿ ಕೂಡಬೇಕಾಗಿಯೇ ಇಲ್ಲ. ನಡುವೆ ಮೆತ್ತನೆಯ ಅಂಗಾಂಶ ಬೆಳೆಯಲಿ, ನರಗಳು ಮತ್ತೆ ಚಿಗುರಲಿ ಎಂಬುದು ಅದರ ಉದ್ದೇಶ. ಇವೆಲ್ಲದರ ಜೊತೆಗೆ ನಮ್ಮ ಊರುಗಳ ಜಾಹೀರಾತುಗಳು ‘ಮೂರೇ ದಿನದಲ್ಲಿ ಹಲ್ಲು’ ಎನ್ನುತ್ತಿವೆ.

ಹಾಗಾದರೆ ಮೂಳೆ ಕೂಡಲು ಬೇಕಾದದ್ದು ಆರು ತಿಂಗಳೋ, ಆರು ವಾರವೋ, ಮೂರು ದಿನವೋ? ಲೇಪನಕ್ಕೆಂದು ಜಾಸ್ತಿ ಹಣ ಕೊಡಬೇಕೇ, ಬೇಡವೇ? ಇದಕ್ಕೆ ಉತ್ತರ ಸಿಗಬೇಕಾದರೆ ಇಂಪ್ಲಾಂಟ್ ಕೂರಿಸಿದ ಮೇಲಿನ ಮೊದಲ ಕೆಲವು ವಾರಗಳಲ್ಲಿ ದವಡೆಯೊಳಗೆ ಏನು ನಡೆಯುತ್ತದೆ ಎಂದು ತಿಳಿಯಬೇಕು. ಮೂಳೆಯನ್ನು ಬೇಗ ಕೂಡಿಸುತ್ತೇವೆ ಎನ್ನುವ ಚಿಕಿತ್ಸೆಗಳು ಕೈ ಹಾಕುವುದು ಆ ಕೆಲವು ವಾರಗಳಿಗೆ ಮಾತ್ರ. ಜಾಹೀರಾತುಗಳು ನುಂಗಿಬಿಡುವ ಮಾತೂ ಅದೇ.

ಮೊಲದ ಕಾಲಿನಿಂದ ಮನುಷ್ಯರ ದವಡೆಗೆ

1952ರ ಸುಮಾರಿಗೆ ಸ್ವೀಡನ್ನಿನ ಲುಂಡ್‌ನಲ್ಲಿ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ ಎಂಬ ವೈದ್ಯ ವಿಜ್ಞಾನಿ ಮೂಳೆಯೊಳಗಿನ ರಕ್ತ ಸಂಚಾರವನ್ನು ಅಧ್ಯಯನ ಮಾಡುತ್ತಿದ್ದರು. ಅದಕ್ಕಾಗಿ ಮೊಲದ ಕಾಲಿನ ಮೂಳೆಯಲ್ಲಿ ಟೈಟೇನಿಯಂನಿಂದ ಮಾಡಿದ ಪುಟ್ಟ ಸಾಧನ ಕೂರಿಸಿದ್ದರು. ಕೆಲಸ ಮುಗಿದ ಮೇಲೆ ತೆಗೆಯಲು ಹೋದರೆ ಅದು ಬರಲೇ ಇಲ್ಲ. ಮೂಳೆ ಆ ಲೋಹವನ್ನು ಬಿಗಿಯಾಗಿ ಹಿಡಿದುಕೊಂಡಿತ್ತು. 1965ರಲ್ಲಿ ಗೋಥೆನ್‌ಬರ್ಗ್‌ನಲ್ಲಿ ಅವರು ಮೊದಲ ಬಾರಿಗೆ ಒಬ್ಬ ರೋಗಿಯ ದವಡೆಗೆ ಟೈಟೇನಿಯಂ ಸ್ಕ್ರೂ ಹಾಕಿದರು. ಆ ಇಂಪ್ಲಾಂಟ್‌ಗಳು ನಲವತ್ತು ವರ್ಷ, ಅಂದರೆ ಆ ವ್ಯಕ್ತಿ ತೀರಿಕೊಳ್ಳುವವರೆಗೂ ಬಾಯಲ್ಲಿ ಕೆಲಸ ಮಾಡಿದವು. ಅವುಗಳ ಮೇಲೆ ಯಾವ ಲೇಪನವೂ ಇರಲಿಲ್ಲ. ಲೇತ್ ಯಂತ್ರದಲ್ಲಿ ಕಡೆದ ನುಣುಪು ಟೈಟೇನಿಯಂ, ಅಷ್ಟೆ. ಮುಂದೆ ಬರುವ ಹೊಸ ಹೊಸ ಹೇಳಿಕೆಗಳನ್ನು ತೂಗಿ ನೋಡುವಾಗ ಈ ಸಂಗತಿ ನೆನಪಿನಲ್ಲಿರಬೇಕು.

ಟೈಟೇನಿಯಂ ಗಾಳಿಗೆ ತಾಗಿದ ಕ್ಷಣದಲ್ಲೇ ಅದರ ಮೇಲೆ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪದರ ಕಟ್ಟಿಕೊಳ್ಳುತ್ತದೆ. ದೇಹಕ್ಕೆ ಸೋಕುವುದು ಲೋಹವಲ್ಲ, ಈ ಪದರ. ಡ್ರಿಲ್ ಮಾಡಿದ ರಂಧ್ರದಲ್ಲಿ ಇಂಪ್ಲಾಂಟ್ ಕೂತೊಡನೆ ರಕ್ತ ಬಂದು ಅದನ್ನು ಸುತ್ತುವರಿಯುತ್ತದೆ. ರಕ್ತ ಹೆಪ್ಪುಗಟ್ಟಿ ಫೈಬ್ರಿನ್ ಎಳೆಗಳ ಬಲೆಯಾಗುತ್ತದೆ. ಆ ಬಲೆಯನ್ನು ಹಿಡಿದುಕೊಂಡು ಮೂಳೆ ಕಟ್ಟುವ ಕೋಶಗಳು ಇಂಪ್ಲಾಂಟ್ ಕಡೆಗೆ ಸಾಗುತ್ತವೆ. ಮೊದಲು ಅವಸರದ, ಒರಟೊರಟಾದ ಎಳೆ ಮೂಳೆ ಹುಟ್ಟುತ್ತದೆ. ಆಮೇಲೆ ತಿಂಗಳುಗಟ್ಟಲೆ ಸಮಯದಲ್ಲಿ ಅದು ಕರಗಿ, ಅದರ ಜಾಗದಲ್ಲಿ ಪದರ ಪದರವಾದ ಗಟ್ಟಿ ಮೂಳೆ ಬರುತ್ತದೆ.

ಈ ಕೆಲಸ ಸರಿಯಾಗಿ ಆಗಲು ಏನೇನು ಬೇಕು? ಬ್ರೋನೆಮಾರ್ಕ್ ಅವರ ಸಹೋದ್ಯೋಗಿ ಟೋಮಾಸ್ ಆಲ್ಬ್ರೆಕ್ಟ್‌ಸನ್ ಮತ್ತು ಸಂಗಡಿಗರು 1981ರಲ್ಲಿ ಆರು ಅಂಶ ಹೇಳಿದರು. ಇಂಪ್ಲಾಂಟಿನ ವಸ್ತು, ಅದರ ಆಕಾರ, ಅದರ ಮೇಲ್ಮೈ, ಮೂಳೆಯ ಸ್ಥಿತಿ, ಶಸ್ತ್ರಕ್ರಿಯೆಯ ರೀತಿ, ಅದರ ಮೇಲೆ ಬೀಳುವ ಭಾರ. ಮೇಲ್ಮೈ ಅನ್ನುವುದು ಆರರಲ್ಲಿ ಒಂದು. ಉಳಿದ ಐದು ಕೆಟ್ಟರೆ ಅದೊಂದೇ ಏನೂ ಮಾಡಲಾರದು. ಒಂದು ಉದಾಹರಣೆ ಸಾಕು. ಮೂಳೆಯ ಉಷ್ಣತೆ ಒಂದೇ ನಿಮಿಷ 47 ಡಿಗ್ರಿ ಸೆಲ್ಸಿಯಸ್ ತಲುಪಿದರೂ ಅಲ್ಲಿನ ಜೀವಕೋಶಗಳಿಗೆ ಹಾನಿಯಾಗುತ್ತದೆ ಎಂದು ಇದೇ ತಂಡ 1983ರಲ್ಲಿ ತೋರಿಸಿತು. ಅದಕ್ಕೇ ಡ್ರಿಲ್ ಮಾಡುವಾಗ ಸಲೈನ್ ನೀರು ಬಿಡುತ್ತಲೇ ಇರಬೇಕು. ಮೊಂಡಾದ ಡ್ರಿಲ್ಲಿನಿಂದ, ನೀರು ಸರಿಯಾಗಿ ಬಿಡದೆ ಕೊರೆದ ಮೂಳೆಗೆ ಎಷ್ಟು ದುಬಾರಿಯ ಲೇಪನ ಹಚ್ಚಿದರೇನು ಬಂತು?

ಮೂರನೇ ವಾರದ ಸಡಿಲ

ಇಂಪ್ಲಾಂಟ್ ಕೂರಿಸಿದ ದಿನ ಅದು ಗಟ್ಟಿಯಾಗಿಯೇ ಇರುತ್ತದೆ. ಆದರೆ ಆ ಗಟ್ಟಿತನ ಬರುವುದು ಸ್ಕ್ರೂ ಹಳೆಯ ಮೂಳೆಯನ್ನು ಕಚ್ಚಿಕೊಂಡಿರುವುದರಿಂದ. ಹೊಲದ ಬೇಲಿಗೆ ಕಲ್ಲುಕಂಬ ನೆಟ್ಟು ಸುತ್ತ ಜಲ್ಲಿ ಜಡಿದ ಹಾಗೆ. ನೆಟ್ಟ ದಿನ ಬಿಗಿ, ಮೊದಲ ಮಳೆಗೆ ಕೊಂಚ ಸಡಿಲ, ಮಣ್ಣು ಕೂತ ಮೇಲೆ ಮತ್ತೆ ಬಿಗಿ. ದವಡೆಯಲ್ಲೂ ಇಂಥದ್ದೇ ಆಗುತ್ತದೆ. ಡ್ರಿಲ್ ತಾಗಿದ ಕಡೆ ಮೂಳೆಯ ಒಂದು ತೆಳು ಪದರ ಸಾಯುತ್ತದೆ. ಮೂಳೆ ಕರಗಿಸುವ ಕೋಶಗಳು ಬಂದು ಅದನ್ನು ತೆಗೆಯುತ್ತವೆ. ಹಳೆಯ ಹಿಡಿತ ಕಡಿಮೆಯಾಗುತ್ತದೆ, ಹೊಸ ಮೂಳೆ ಇನ್ನೂ ಬಲಿತಿರುವುದಿಲ್ಲ. ಸುಮಾರು ಮೂರನೇ, ನಾಲ್ಕನೇ ವಾರದಲ್ಲಿ ಇಂಪ್ಲಾಂಟ್ ತನ್ನ ಅತಿ ದುರ್ಬಲ ಸ್ಥಿತಿಯಲ್ಲಿರುತ್ತದೆ.

ದಂತವೈದ್ಯರು ಇದನ್ನು ಅಳೆಯಬಲ್ಲರು. ಇಂಪ್ಲಾಂಟಿಗೆ ಪುಟ್ಟ ಕಡ್ಡಿಯಂಥ ಭಾಗ ತಿರುಗಿಸಿ, ಯಂತ್ರ ಹತ್ತಿರ ಹಿಡಿದರೆ ಅದು ಕಂಪನವನ್ನು ಓದಿ 1ರಿಂದ 100ರವರೆಗಿನ ಒಂದು ಅಂಕಿ ಕೊಡುತ್ತದೆ. ಇದಕ್ಕೆ ಐಎಸ್‌ಕ್ಯೂ ಎನ್ನುತ್ತಾರೆ. 70ಕ್ಕಿಂತ ಮೇಲಿದ್ದರೆ ಒಳ್ಳೆಯ ಹಿಡಿತ ಎಂದು ಲೆಕ್ಕ. ಮೊದಲ ದಿನದ ಅಂಕಿ ಕೆಲವು ವಾರ ಇಳಿದು ಮತ್ತೆ ಏರುವುದು ಅನೇಕ ರೋಗಿಗಳಲ್ಲಿ ಕಾಣುತ್ತದೆ.

ಈ ಇಳಿತದ ಹೊತ್ತಿನಲ್ಲಿ ಇಂಪ್ಲಾಂಟ್ ಅಲುಗಾಡಬಾರದು. 50ರಿಂದ 150 ಮೈಕ್ರಾನ್‌ಗಿಂತ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಹೆಚ್ಚು ಅಲುಗಾಡಿದರೆ ಮೂಳೆಯ ಬದಲು ನಾರಿನಂಥ ಅಂಗಾಂಶ ಬೆಳೆಯುವ ಅಪಾಯವಿದೆ ಎಂದು ತಜ್ಞರು ಹೇಳುತ್ತಾರೆ. ಹಾಗಾದರೆ ಇಂಪ್ಲಾಂಟ್ ಕೈಬಿಟ್ಟ ಹಾಗೆಯೇ. ಬ್ರೋನೆಮಾರ್ಕ್ ಕೆಳದವಡೆಗೆ ಮೂರು ನಾಲ್ಕು ತಿಂಗಳು, ಮೆತ್ತನೆಯ ಮೂಳೆಯ ಮೇಲ್ದವಡೆಗೆ ಆರು ತಿಂಗಳು ಕಾಯಿಸುತ್ತಿದ್ದುದು ಇದೇ ಕಾರಣಕ್ಕೆ. ಲೇಪನಗಳ ಇಡೀ ಉದ್ಯಮ ನಿಂತಿರುವುದು ಈ ಕಾಯುವಿಕೆಯನ್ನು ಕಡಿಮೆ ಮಾಡುವುದರ ಮೇಲೆ.

ಒರಟು ಮಾಡಿದ್ದು ಮೊದಲ ಗೆಲುವು

ಮೊದಲ ದೊಡ್ಡ ಹೆಜ್ಜೆ ತುಂಬ ಸರಳವಾದದ್ದು. ನುಣುಪು ಸ್ಕ್ರೂವಿನ ಮೇಲೆ ಗಟ್ಟಿ ಕಣಗಳನ್ನು ರಭಸದಿಂದ ಹೊಡೆದು, ಆಮೇಲೆ ಆಮ್ಲದಲ್ಲಿ ಅದ್ದಿದರು. 1991ರಲ್ಲಿ ಡೇನಿಯಲ್ ಬುಸರ್ ಮತ್ತು ಸಂಗಡಿಗರು ಪುಟ್ಟ ತಳಿಯ ಹಂದಿಗಳಲ್ಲಿ ಬೇರೆ ಬೇರೆ ಮೇಲ್ಮೈಗಳನ್ನು ಹೋಲಿಸಿ ನೋಡಿದರು. ಒರಟು ಮೇಲ್ಮೈಗೆ ಮೂಳೆ ಹೆಚ್ಚು ಅಂಟಿಕೊಂಡಿತ್ತು. ಫೈಬ್ರಿನ್ ಬಲೆಗೆ ಹಿಡಿದುಕೊಳ್ಳಲು ತಗ್ಗು ದಿಣ್ಣೆ ಸಿಕ್ಕಿದರೆ ಅದು ಜಾರುವುದಿಲ್ಲ, ಕೋಶಗಳು ಇಂಪ್ಲಾಂಟ್‌ವರೆಗೂ ಬಂದು ಅಲ್ಲಿಂದಲೇ ಮೂಳೆ ಕಟ್ಟಲು ಶುರು ಮಾಡುತ್ತವೆ. ನುಣುಪು ಲೋಹದಲ್ಲಾದರೆ ಮೂಳೆ ರಂಧ್ರದ ಗೋಡೆಯಿಂದ ಹೊರಟು ಇಂಪ್ಲಾಂಟ್ ಕಡೆಗೆ ನಿಧಾನವಾಗಿ ಬರಬೇಕು.

ಇಂದು ಮಾರುಕಟ್ಟೆಯಲ್ಲಿರುವ ಬಹುಪಾಲು ಇಂಪ್ಲಾಂಟ್‌ಗಳ ಒರಟುತನ ಸರಾಸರಿ 1ರಿಂದ 2 ಮೈಕ್ರಾನ್ ಇರುತ್ತದೆ. ಕಣ್ಣಿಗೆ ಹೊಳಪಿಲ್ಲದ ಬೂದು ಬಣ್ಣವಾಗಿ ಕಾಣುತ್ತದೆ, ಅಷ್ಟೆ. ಈ ಬದಲಾವಣೆಯಿಂದ ತಿಂಗಳುಗಟ್ಟಲೆ ಕಾಯುವುದು ಒಳ್ಳೆಯ ಮೂಳೆಯಿದ್ದವರಲ್ಲಿ ಆರರಿಂದ ಎಂಟು ವಾರಕ್ಕೆ ಇಳಿಯಿತು. ನನ್ನ ದೃಷ್ಟಿಯಲ್ಲಿ ಮೇಲ್ಮೈ ಚಿಕಿತ್ಸೆಯ ಚರಿತ್ರೆಯಲ್ಲಿ ಸಂದೇಹವಿಲ್ಲದೆ ಗೆದ್ದದ್ದು ಇದೊಂದೇ. ಮುಂದಿನವೆಲ್ಲ ಇದರ ಮೇಲಿನ ಸಣ್ಣ ಸಣ್ಣ ಸುಧಾರಣೆಗಳು.

ಸೋತದ್ದೂ ಇದೆ. 1980ರ ದಶಕದಲ್ಲಿ ಹೈಡ್ರಾಕ್ಸಿಅಪಟೈಟ್ ಎಂಬ, ಮೂಳೆಯಲ್ಲೇ ಇರುವ ಖನಿಜದ ದಪ್ಪ ಪದರವನ್ನು ಇಂಪ್ಲಾಂಟ್ ಮೇಲೆ ಬಿಸಿ ಪ್ಲಾಸ್ಮಾದಿಂದ (ವಿದ್ಯುದಾವೇಶ ಹೊಂದಿದ ಅನಿಲ) ಸಿಂಪಡಿಸುತ್ತಿದ್ದರು. ಮೂಳೆಗೆ ಮೂಳೆಯದೇ ಖನಿಜ ಕೊಟ್ಟರೆ ಬೇಗ ಕೂಡಬೇಕಲ್ವಾ? ಕೂಡಿತು ಕೂಡ. ಮೊದಲ ವರ್ಷಗಳ ಫಲಿತಾಂಶ ಚೆನ್ನಾಗಿಯೇ ಇತ್ತು. ಆದರೆ ಕೆಲವು ವರ್ಷಗಳ ನಂತರ ಕೆಲವರಲ್ಲಿ ಆ ಪದರ ಲೋಹದಿಂದ ಬಿಟ್ಟುಕೊಂಡಿತು, ಕೆಲವರಲ್ಲಿ ಕರಗಿತು, ಸುತ್ತಲಿನ ಮೂಳೆ ಸವೆಯಿತು. ಮೂಳೆ ಲೇಪನಕ್ಕೆ ಅಂಟಿತ್ತು, ಲೇಪನವೇ ಇಂಪ್ಲಾಂಟಿಗೆ ಸರಿಯಾಗಿ ಅಂಟಿರಲಿಲ್ಲ. ಹೀಗಾಗಿ ಆ ದಪ್ಪ ಲೇಪನಗಳ ಬಳಕೆ ತುಂಬ ಕಡಿಮೆಯಾಯಿತು. ಮೊದಲ ವರ್ಷದ ಅಂಕಿಗಳನ್ನು ನೋಡಿ ಹತ್ತು ವರ್ಷದ ಮಾತು ಕೊಡುವವರ ಬಗ್ಗೆ ದಂತವೈದ್ಯರು ಇಂದಿಗೂ ಹುಷಾರಾಗಿರುವುದಕ್ಕೆ ಈ ಕಹಿ ಅನುಭವವೂ ಕಾರಣ.

ರಕ್ತ ಹತ್ತುವ ಲೋಹ

ಟೈಟೇನಿಯಂ ಹೊಸದಾಗಿದ್ದಾಗ ನೀರನ್ನು ಚೆನ್ನಾಗಿ ಹೀರುವ ಗುಣ ಹೊಂದಿರುತ್ತದೆ. ಹನಿ ನೀರು ಹಾಕಿದರೆ ಅದು ಹಾಗೇ ಹರಡಿಬಿಡುತ್ತದೆ. ಆದರೆ ಪ್ಯಾಕೆಟ್ಟಿನಲ್ಲಿ ವಾರಗಟ್ಟಲೆ ಕೂತರೆ ಗಾಳಿಯಲ್ಲಿರುವ ಹೈಡ್ರೋಕಾರ್ಬನ್‌ಗಳು ಅದರ ಮೇಲೆ ಕೂತು ಆ ಗುಣ ಹೋಗುತ್ತದೆ. ಆಗ ರಕ್ತದ ಹನಿ ಅದರ ಮೇಲೆ ಮಣಿಯಂತೆ ಗುಂಡಗೆ ನಿಲ್ಲುತ್ತದೆ, ಸ್ಕ್ರೂವಿನ ಸುರುಳಿ ಎಳೆಗಳ ಸಂದಿಯೊಳಗೆ ಇಳಿಯುವುದಿಲ್ಲ. ಕಾರ್ಖಾನೆಯಿಂದ ಕ್ಲಿನಿಕ್‌ಗೆ ಬರಲು ತಿಂಗಳುಗಳೇ ಆಗುತ್ತವೆ. ಅಂದರೆ ರೋಗಿಗೆ ಸಿಗುವುದು ಸಾಮಾನ್ಯವಾಗಿ ಹೀಗೆ ಹಳೆಯದಾದ ಟೈಟೇನಿಯಂ.

ಇದಕ್ಕೆ ಎರಡು ಬಗೆಯ ಪರಿಹಾರ ಬಂದಿವೆ. ಒಂದು, ಇಂಪ್ಲಾಂಟನ್ನು ಗಾಳಿಗೆ ಬಿಡದೆ ಉಪ್ಪುನೀರಿನ ದ್ರಾವಣದಲ್ಲೇ ಮುಳುಗಿಸಿ ಕಳಿಸುವುದು. 2005ರಲ್ಲಿ ಸ್ವಿಟ್ಜರ್ಲೆಂಡ್‌ನ ಸ್ಟ್ರಾಮನ್ ಕಂಪನಿ ಇಂಥ ಇಂಪ್ಲಾಂಟನ್ನು ಎಸ್‌ಎಲ್‌ಆಕ್ಟಿವ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ವೈದ್ಯರು ಮುಚ್ಚಳ ತೆಗೆದು ಒದ್ದೆ ಸ್ಕ್ರೂವನ್ನು ರಂಧ್ರದ ಬಾಯಿಗೆ ತಾಗಿಸಿದರೆ ರಕ್ತ ತಾನಾಗಿಯೇ ಅದರ ಎಳೆಗಳನ್ನು ಹತ್ತಿಕೊಂಡು ಮೇಲಕ್ಕೆ ಬರುವುದು ಕಣ್ಣಿಗೇ ಕಾಣುತ್ತದೆ. ಎರಡು, ಹಾಕುವ ಕೆಲವೇ ನಿಮಿಷ ಮುಂಚೆ ಕ್ಲಿನಿಕ್‌ನಲ್ಲೇ ಅಲ್ಟ್ರಾವಯಲೆಟ್ ಬೆಳಕು ಅಥವಾ ಪ್ಲಾಸ್ಮಾ ಹಾಯಿಸಿ ಆ ಇಂಗಾಲದ ಕೊಳೆ ತೆಗೆಯುವುದು. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಕಾಹಿರೊ ಒಗಾವಾ ಅವರ ತಂಡ 2009ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ದೊಡ್ಡ ಹೆಸರು ತಂದಿತು. ಇಲಿಗಳಲ್ಲಿ ನಾಲ್ಕು ವಾರದ ಹೊತ್ತಿಗೆ ಸಾಮಾನ್ಯ ಇಂಪ್ಲಾಂಟಿನ ಶೇ 55ರಷ್ಟು ಮೇಲ್ಮೈಗೆ ಮೂಳೆ ತಾಗಿದ್ದರೆ, ಬೆಳಕು ಹಾಯಿಸಿದ್ದರಲ್ಲಿ ಅದು ಶೇ 98 ದಾಟಿತ್ತು. ಇಂದು ಸುದ್ದಿಗಳಲ್ಲಿ ಬರುವ ‘ಹೆಚ್ಚು ಕಡಿಮೆ ಪೂರ್ತಿ ಮೂಳೆ’ ಎಂಬ ಮಾತಿನ ಮೂಲ ಇಂಥ ಪ್ರಯೋಗಗಳೇ.

ಮನುಷ್ಯರಲ್ಲಿ? ಇಲ್ಲಿ ಒಂದು ಅಪರೂಪದ ಅಧ್ಯಯನ ಇದೆ. ನಿಕ್ಲೌಸ್ ಲ್ಯಾಂಗ್ ಮತ್ತು ಸಂಗಡಿಗರು 2011ರಲ್ಲಿ ಅದನ್ನು ಪ್ರಕಟಿಸಿದರು. ಸ್ವಯಂಸೇವಕರ ದವಡೆಯ ಹಿಂಭಾಗದಲ್ಲಿ ಚಿಕ್ಕ ಚಿಕ್ಕ ಟೈಟೇನಿಯಂ ತುಂಡುಗಳನ್ನು ಹಾಕಿ, ಒಂದು, ಎರಡು, ನಾಲ್ಕು, ಆರು ವಾರಗಳ ನಂತರ ಸುತ್ತಲಿನ ಮೂಳೆಯ ಸಮೇತ ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡಿದರು. ಅರ್ಧಕ್ಕೆ ಸಾಮಾನ್ಯ ಒರಟು ಮೇಲ್ಮೈ, ಇನ್ನರ್ಧಕ್ಕೆ ನೀರು ಹೀರುವ ಒರಟು ಮೇಲ್ಮೈ. ಎರಡನೇ ವಾರದಲ್ಲಿ ವ್ಯತ್ಯಾಸ ಚಿಕ್ಕದು. ನಾಲ್ಕನೇ ವಾರದಲ್ಲಿ ಸಾಮಾನ್ಯ ಮೇಲ್ಮೈಗೆ ಶೇ 32ರಷ್ಟು, ನೀರು ಹೀರುವ ಮೇಲ್ಮೈಗೆ ಶೇ 48ರಷ್ಟು ಮೂಳೆ ತಾಗಿತ್ತು. ಇದು ಸಣ್ಣ ಅಂತರವಲ್ಲ. ಆದರೆ ಆರನೇ ವಾರ ನೋಡಿದರೆ ಎರಡರಲ್ಲೂ ಸುಮಾರು ಶೇ 62. ಅಂತರವೇ ಇಲ್ಲ.

ಈ ಒಂದು ಅಧ್ಯಯನ ಇಡೀ ವಿವಾದವನ್ನು ಬಿಡಿಸಿ ತೋರಿಸುತ್ತದೆ ಎಂದು ನನಗನಿಸುತ್ತದೆ. ‘ಮೂಳೆ ಬೇಗ ಕೂಡುತ್ತದೆ’ ಎನ್ನುವವರು ನಾಲ್ಕನೇ ವಾರದ ಅಂಕಿ ತೋರಿಸುತ್ತಾರೆ. ಅದು ಸುಳ್ಳಲ್ಲ. ‘ಏನೂ ವ್ಯತ್ಯಾಸವಿಲ್ಲ’ ಎನ್ನುವವರು ಆರನೇ ವಾರದ ನಂತರದ ಅಂಕಿ ತೋರಿಸುತ್ತಾರೆ. ಅದೂ ಸುಳ್ಳಲ್ಲ. ಮೇಲ್ಮೈ ಚಿಕಿತ್ಸೆ ಮೂಳೆಗೆ ಆರಂಭದ ಓಟ ಕೊಡುತ್ತದೆ. ಆರೋಗ್ಯವಂತರಲ್ಲಿ ಹಿಂದೆ ಬಿದ್ದದ್ದು ಬೇಗನೇ ಬಂದು ಸೇರಿಕೊಳ್ಳುತ್ತದೆ.

ಔಷಧಿ ಹಚ್ಚಿದ ಸ್ಕ್ರೂ

ಇನ್ನು ಔಷಧಿಯ ಲೇಪನಗಳು. ಇವುಗಳಲ್ಲಿ ಹೆಚ್ಚು ಕುತೂಹಲ ಹುಟ್ಟಿಸುವುದು ಬಿಸ್ಫಾಸ್ಫೋನೇಟ್. ಮೂಳೆ ಸವೆತವಿರುವ ವಯಸ್ಸಾದವರಿಗೆ ಮಾತ್ರೆಯಾಗಿ, ಕ್ಯಾನ್ಸರ್ ಮೂಳೆಗೆ ಹರಡಿದವರಿಗೆ ಇಂಜೆಕ್ಷನ್ ಆಗಿ ಕೊಡುವ ಔಷಧಿ ಇದು. ಇದನ್ನು ತೆಗೆದುಕೊಳ್ಳುವವರು, ಅದರಲ್ಲೂ ಕ್ಯಾನ್ಸರ್‌ಗೆ ಇಂಜೆಕ್ಷನ್ ತೆಗೆದುಕೊಳ್ಳುವವರು, ಹಲ್ಲು ಕೀಳಿಸುವ ಮೊದಲು ದಂತವೈದ್ಯರಿಗೆ ಹೇಳಲೇಬೇಕು. ಏಕೆಂದರೆ 2003ರಿಂದೀಚೆಗೆ ಗೊತ್ತಾದಂತೆ ಇಂಥವರಲ್ಲಿ ಕೆಲವರಿಗೆ ದವಡೆಯ ಮೂಳೆಯೇ ಸತ್ತು ಹೊರಗೆ ಕಾಣುವ ಗಂಭೀರ ತೊಂದರೆ ಬರುತ್ತದೆ. ಹಾಗಿರುವಾಗ ಅದೇ ಔಷಧಿಯನ್ನು ಇಂಪ್ಲಾಂಟಿಗೆ ಹಚ್ಚುವುದೆಂದರೇನು?

ಕಾರಣ ಮೂರನೇ ವಾರದ ಸಡಿಲದಲ್ಲಿದೆ. ಬಿಸ್ಫಾಸ್ಫೋನೇಟ್ ಮಾಡುವ ಕೆಲಸ ಒಂದೇ, ಮೂಳೆ ಕರಗಿಸುವ ಕೋಶಗಳನ್ನು ತಡೆಯುವುದು. ಇಂಪ್ಲಾಂಟಿನ ಸುತ್ತ ಕೂದಲೆಳೆಯಷ್ಟು ಜಾಗದಲ್ಲಿ, ಅತಿ ಸಣ್ಣ ಪ್ರಮಾಣದಲ್ಲಿ ಅದಿದ್ದರೆ ಹಳೆಯ ಮೂಳೆ ಬೇಗ ಕರಗುವುದಿಲ್ಲ. ಹಳೆಯ ಹಿಡಿತ ಇನ್ನೂ ಇರುವಾಗಲೇ ಹೊಸ ಮೂಳೆ ಬಂದು ಸೇರುತ್ತದೆ. ಇಡೀ ದೇಹಕ್ಕೆ ವರ್ಷಗಟ್ಟಲೆ ಕೊಟ್ಟಾಗ ಇದೇ ಗುಣ ತೊಂದರೆಯಾಗಬಹುದು. ದವಡೆಯ ಮೂಳೆ ಸದಾ ದುರಸ್ತಿಯಾಗುತ್ತಿರಬೇಕು, ಆ ದುರಸ್ತಿ ನಿಂತುಹೋಗುತ್ತದೆ. ಸ್ವೀಡನ್ನಿನ ಲಿನ್‌ಶೋಪಿಂಗ್‌ನ ಸಂಶೋಧಕರು 2012ರಲ್ಲಿ 16 ರೋಗಿಗಳಲ್ಲಿ ಇದನ್ನು ಪರೀಕ್ಷಿಸಿದರು. ಪ್ರತಿಯೊಬ್ಬರಿಗೂ ಒಂದು ಲೇಪನವಿದ್ದ, ಒಂದು ಲೇಪನವಿಲ್ಲದ ಇಂಪ್ಲಾಂಟ್. ಯಾವುದು ಯಾವುದೆಂದು ರೋಗಿಗೂ ಗೊತ್ತಿಲ್ಲ, ವೈದ್ಯರಿಗೂ ಗೊತ್ತಿಲ್ಲ. ಆರು ತಿಂಗಳಲ್ಲಿ ಲೇಪನವಿದ್ದವುಗಳ ಐಎಸ್‌ಕ್ಯೂ ಅಂಕಿ ಸುಮಾರು ಏಳರಷ್ಟು ಹೆಚ್ಚು ಏರಿತ್ತು. ಒಬ್ಬನೇ ರೋಗಿಯ ಬಾಯಲ್ಲಿ ಎರಡನ್ನೂ ಹೋಲಿಸಿದ್ದರಿಂದ ಇದು ಗಟ್ಟಿಯಾದ ಪ್ರಯೋಗ. ಆದರೆ 16 ಜನ ಅಂದರೆ 16 ಜನವೇ. ಅಪರೂಪದ ಅಡ್ಡಪರಿಣಾಮವೊಂದು ಇದ್ದರೆ ಇಷ್ಟು ಜನರಲ್ಲಿ ಕಾಣಿಸಿಕೊಳ್ಳುವ ಸಾಧ್ಯತೆ ಕಡಿಮೆ.

ಬಿಎಂಪಿ-2 ಎಂಬ ಪ್ರೋಟೀನ್‌ನದು ಇನ್ನೊಂದು ಕಥೆ. ಇದು ಮೂಳೆಯಿಲ್ಲದ ಕಡೆಯೂ ಮೂಳೆ ಹುಟ್ಟಿಸಬಲ್ಲದು. ಮೇಲ್ದವಡೆಯಲ್ಲಿ ಮೂಳೆ ಎತ್ತರಿಸುವ ಶಸ್ತ್ರಕ್ರಿಯೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2007ರಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಿತು. ಮರುವರ್ಷವೇ, ಕತ್ತಿನ ಬೆನ್ನುಮೂಳೆಯ ಶಸ್ತ್ರಕ್ರಿಯೆಗಳಲ್ಲಿ ಇದನ್ನು ಬಳಸಿದಾಗ ಪ್ರಾಣಕ್ಕೇ ಕುತ್ತು ತರುವಂಥ ಊತ ಬಂದ ಪ್ರಕರಣಗಳ ಬಗ್ಗೆ ಅದೇ ಸಂಸ್ಥೆ ಎಚ್ಚರಿಕೆ ಹೊರಡಿಸಿತು. ಇಂಪ್ಲಾಂಟಿಗೆ ಇದನ್ನು ಹಚ್ಚಿ ಪ್ರಾಣಿಗಳಲ್ಲಿ ನೋಡಿದಾಗಲೂ ಪ್ರಮಾಣ ಜಾಸ್ತಿಯಾದರೆ ದ್ರವ ತುಂಬಿಕೊಳ್ಳುವುದು, ಇಂಪ್ಲಾಂಟ್ ಜಾಗ ಬಿಡುವುದು ಕಂಡುಬಂತು. ಮೂಳೆ ಬೆಳೆಸುವ ಶಕ್ತಿ ಹೆಚ್ಚಿದಷ್ಟೂ ಅದನ್ನು ಹಿಡಿತದಲ್ಲಿಡುವುದು ಕಷ್ಟ.

ಮೆಲಟೋನಿನ್, ವಿಟಮಿನ್ ಡಿ ಕಡೆಯಿಂದ ಇಷ್ಟು ಭಯವಿಲ್ಲ. ಸ್ಪೇನಿನ ತಂಡಗಳು ಬೀಗಲ್ ನಾಯಿಗಳಲ್ಲಿ ಮೆಲಟೋನಿನ್ ಪುಡಿಯನ್ನು ಇಂಪ್ಲಾಂಟಿನ ಗುಂಡಿಗೆ ಹಾಕಿ ನೋಡಿ, ಎರಡು ವಾರದಲ್ಲಿ ಮೂಳೆಯ ಸಂಪರ್ಕ ಹೆಚ್ಚಾಗಿದ್ದನ್ನು ವರದಿ ಮಾಡಿವೆ. ಅಗ್ಗದ ವಸ್ತು, ಸುಲಭದ ವಿಧಾನ. ಆದರೆ ಇವುಗಳ ಪುರಾವೆ ಹೆಚ್ಚಾಗಿ ಪ್ರಾಣಿಗಳ ಹಂತದಲ್ಲೇ ಇದೆ.

ರಕ್ತದ ಜೆಲ್: ಕರ್ನಾಟಕದಲ್ಲಿ ರೋಗಿಗಳ ಕಿವಿಗೆ ಹೆಚ್ಚಾಗಿ ಬೀಳುವ ಹೆಸರು

ನಮ್ಮ ಕ್ಲಿನಿಕ್‌ಗಳಲ್ಲಿ ಹೆಚ್ಚಾಗಿ ಕೇಳುವುದು ಪಿಆರ್‌ಎಫ್. 2001ರಲ್ಲಿ ಫ್ರಾನ್ಸಿನ ಜೋಸೆಫ್ ಶುಕ್ರೂನ್ ಪರಿಚಯಿಸಿದ ವಿಧಾನ ಇದು. ರೋಗಿಯ ತೋಳಿನಿಂದ ಒಂದೆರಡು ಟ್ಯೂಬ್ ರಕ್ತ ತೆಗೆದು, ಹೆಪ್ಪುಗಟ್ಟದಂತೆ ಮಾಡುವ ರಾಸಾಯನಿಕ ಹಾಕದೆ, ಹತ್ತು ಹನ್ನೆರಡು ನಿಮಿಷ ಯಂತ್ರದಲ್ಲಿ ತಿರುಗಿಸುತ್ತಾರೆ. ಕೆಂಪು ಕಣಗಳು ತಳಕ್ಕೆ ಇಳಿದು, ನಡುವೆ ಹಳದಿ ಬಣ್ಣದ ಮೆತ್ತನೆಯ ಗಡ್ಡೆ ಸಿಗುತ್ತದೆ. ಅದನ್ನು ಇಂಪ್ಲಾಂಟಿಗೆ ಸುತ್ತಿ ಅಥವಾ ಗುಂಡಿಗೆ ತುಂಬಿ ಕೂರಿಸುತ್ತಾರೆ. ನಮ್ಮದೇ ರಕ್ತವಾದ್ದರಿಂದ ಅಲರ್ಜಿಯ ಭಯವಿಲ್ಲ. 2015ರಲ್ಲಿ ಟರ್ಕಿಯಲ್ಲಿ 20 ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ ಮೊದಲ ತಿಂಗಳು ಐಎಸ್‌ಕ್ಯೂ ಅಂಕಿ ಚೆನ್ನಾಗಿತ್ತು. ಬೇರೆ ಕೆಲವು ಪ್ರಯೋಗಗಳಲ್ಲಿ ಅಂಥ ವ್ಯತ್ಯಾಸ ಸಿಗಲಿಲ್ಲ. ವಸಡಿನ ಗಾಯ, ನೋವು, ಊತದ ವಿಷಯದಲ್ಲಿ ಪಿಆರ್‌ಎಫ್‌ಗೆ ಇನ್ನಷ್ಟು ಬೆಂಬಲವಿದೆ. ಇಂಪ್ಲಾಂಟಿಗೆ ಮೂಳೆ ಕೂಡುವುದನ್ನು ಅದು ಖಚಿತವಾಗಿ ಸುಧಾರಿಸುತ್ತದೆ ಎನ್ನುವಷ್ಟು ಆಧಾರ ಇನ್ನೂ ಸಿಕ್ಕಿಲ್ಲ.

ತಜ್ಞರು ಎಲ್ಲಿ ಒಪ್ಪುವುದಿಲ್ಲ

ಒಂದು ಗುಂಪಿನ ವಾದ ಹೀಗಿದೆ. ಕಾಯುವ ಸಮಯ ಅರ್ಧಕ್ಕೆ ಇಳಿದರೆ ರೋಗಿಗೆ ಅಷ್ಟು ದಿನ ಹಲ್ಲಿಲ್ಲದೆ ಇರುವುದು ತಪ್ಪುತ್ತದೆ, ಆ ದುರ್ಬಲ ವಾರಗಳಲ್ಲಿ ಇಂಪ್ಲಾಂಟ್ ಕಳೆದುಕೊಳ್ಳುವ ಅಪಾಯವೂ ಕಡಿಮೆಯಾಗುತ್ತದೆ. ಇನ್ನೊಂದು ಗುಂಪು ಕೇಳುವುದು, ಈಗಾಗಲೇ ಹತ್ತು ವರ್ಷದಲ್ಲಿ ನೂರಕ್ಕೆ ತೊಂಬತ್ತೈದರಷ್ಟು ಇಂಪ್ಲಾಂಟ್‌ಗಳು ಉಳಿಯುತ್ತಿರುವಾಗ ಹೊಸ ಲೇಪನ ಇನ್ನೇನು ಸಾಧಿಸಬಲ್ಲದು? 2014ರಲ್ಲಿ, ವೈದ್ಯಕೀಯ ಪುರಾವೆಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆ 27 ಪ್ರಯೋಗಗಳನ್ನು, 1512 ರೋಗಿಗಳ ಫಲಿತಾಂಶವನ್ನು ಒಟ್ಟಿಗೆ ಪರಿಶೀಲಿಸಿತು. ಯಾವುದೇ ಒಂದು ಬಗೆಯ ಇಂಪ್ಲಾಂಟ್ ಬಹುಕಾಲದಲ್ಲಿ ಇನ್ನೊಂದಕ್ಕಿಂತ ಮೇಲು ಎನ್ನಲು ಪುರಾವೆ ಸಿಗಲಿಲ್ಲ ಎಂಬುದು ಅದರ ತೀರ್ಮಾನ.

ಪ್ರಾಣಿ ಪ್ರಯೋಗದ ಅಂಕಿಗಳನ್ನು ಹಾಗೇ ಮನುಷ್ಯರಿಗೆ ಹೊಂದಿಸುವುದೂ ತಪ್ಪು. ಮೂಳೆ ಒಂದು ಸುತ್ತು ಕರಗಿ ಮರಳಿ ಕಟ್ಟಲು ಮೊಲಕ್ಕೆ ಸುಮಾರು 6 ವಾರ, ನಾಯಿಗೆ 12, ಮನುಷ್ಯರಿಗೆ 17 ವಾರ ಬೇಕು. ಇಲಿಯಲ್ಲಿ ನಾಲ್ಕು ವಾರಕ್ಕೆ ಕಂಡದ್ದು ನಮ್ಮ ದವಡೆಯಲ್ಲಿ ನಾಲ್ಕು ವಾರಕ್ಕೆ ಕಾಣುತ್ತದೆ ಎಂದಲ್ಲ. ಇನ್ನೊಂದು ಮುಜುಗರದ ಸಂಗತಿ ಹಣದ್ದು. ಫ್ರಾನ್ಸಿನ ಸಂಶೋಧಕರು 2010ರಲ್ಲಿ ಇಂಪ್ಲಾಂಟ್ ಪ್ರಯೋಗಗಳನ್ನು ಪರಿಶೀಲಿಸಿದಾಗ, ಉದ್ಯಮದ ನಂಟಿದ್ದ ಪ್ರಯೋಗಗಳಲ್ಲಿ ವೈಫಲ್ಯದ ಪ್ರಮಾಣ ಕಡಿಮೆ ವರದಿಯಾಗಿತ್ತು. ಎಷ್ಟೋ ಪ್ರಯೋಗಗಳು ಹಣ ಕೊಟ್ಟವರು ಯಾರೆಂದು ಹೇಳಿಯೇ ಇರಲಿಲ್ಲ. ಮೋಸ ನಡೆದಿದೆ ಎಂದು ಇದರ ಅರ್ಥವಲ್ಲ. ಅನುಕೂಲದ ವಾರವನ್ನೇ ಆರಿಸಿ ಅಳೆದರೂ ಫಲಿತಾಂಶ ಚೆಂದ ಕಾಣುತ್ತದೆ, ಅಷ್ಟು ಸಾಕು.

ಮೂರು ದಿನದ ಹಲ್ಲಿನ ಗುಟ್ಟು

‘ಮೂರು ದಿನದಲ್ಲಿ ಹಲ್ಲು’ ಎನ್ನುವ ಜಾಹೀರಾತು ನೋಡಿ ಅಲ್ಲೇನೋ ವಿಶೇಷ ಲೇಪನ ಇರಬೇಕು ಎಂದು ಅನೇಕರು ಭಾವಿಸುತ್ತಾರೆ. ಯಾವ ಲೇಪನವೂ ಮೂರು ದಿನದಲ್ಲಿ ಮೂಳೆ ಕೂಡಿಸುವುದಿಲ್ಲ. ಅಲ್ಲಿ ನಡೆಯುವುದು ಬೇರೆ. ಹೊರಗಿನ ಅತಿ ಗಟ್ಟಿ ಮೂಳೆಗೆ ಸ್ಕ್ರೂಗಳನ್ನು ಬಿಗಿಯಾಗಿ ಕಚ್ಚಿಸಿ, ಹಲವು ಇಂಪ್ಲಾಂಟ್‌ಗಳನ್ನು ಒಂದೇ ಚೌಕಟ್ಟಿಗೆ ಜೋಡಿಸಿ, ಯಾವುದೂ ಒಂಟಿಯಾಗಿ ಅಲುಗಾಡದಂತೆ ಮಾಡುತ್ತಾರೆ. ಅಲುಗಾಟ ಮಿತಿಯೊಳಗಿದ್ದರೆ ಅದರ ಕೆಳಗೇ ಮೂಳೆ ತನ್ನ ಪಾಡಿಗೆ ಕೂಡುತ್ತದೆ. ಸರಿಯಾದ ರೋಗಿಗೆ, ಅನುಭವಿ ವೈದ್ಯರ ಕೈಯಲ್ಲಿ ಇದು ನಡೆಯುತ್ತದೆ. ಆದರೆ ಹಲ್ಲು ಮೂರು ದಿನಕ್ಕೆ ಬಂದರೂ ಮೂಳೆ ತೆಗೆದುಕೊಳ್ಳುವ ಸಮಯ ತೆಗೆದುಕೊಂಡೇ ತೀರುತ್ತದೆ. ಮೂರನೇ ವಾರ ಗಟ್ಟಿ ಚಕ್ಕುಲಿ ಕಡಿದರೆ ಅಪಾಯ ಇದ್ದದ್ದೇ.

ಒರಟುತನದ ಇನ್ನೊಂದು ಮುಖ

ಮೂಳೆ ಕೂಡಿದ ಮೇಲೆ ಇಂಪ್ಲಾಂಟಿನ ದೊಡ್ಡ ಶತ್ರು ಪೆರಿ-ಇಂಪ್ಲಾಂಟೈಟಿಸ್. ವಸಡಿನ ಬದಿಯಿಂದ ಸೋಂಕು ಇಳಿದು ಸುತ್ತಲಿನ ಮೂಳೆಯನ್ನು ತಿನ್ನುತ್ತಾ ಹೋಗುತ್ತದೆ. ನೋವು ಇರದೇ ಇರಬಹುದು, ವರ್ಷಗಟ್ಟಲೆ ಗೊತ್ತಾಗದೇ ಇರಬಹುದು. 2015ರ ಒಂದು ಪರಿಶೀಲನೆಯ ಅಂದಾಜಿನಂತೆ ಇಂಪ್ಲಾಂಟ್ ಇರುವವರಲ್ಲಿ ಸುಮಾರು ಶೇ 22ರಷ್ಟು ಮಂದಿಗೆ ಇದು ಬರುತ್ತದೆ. ಅಧ್ಯಯನದಿಂದ ಅಧ್ಯಯನಕ್ಕೆ ಈ ಅಂಕಿ ತುಂಬ ಬದಲಾಗುತ್ತದೆ, ನಿಜ. ಆದರೂ ಸಣ್ಣ ಸಮಸ್ಯೆಯಂತೂ ಅಲ್ಲ.

ಮೂಳೆಗೆ ಹಿಡಿದುಕೊಳ್ಳಲು ಸಿಕ್ಕ ತಗ್ಗು ದಿಣ್ಣೆ ಬ್ಯಾಕ್ಟೀರಿಯಾಕ್ಕೂ ಸಿಗುತ್ತದೆ. ಮೂಳೆ ಒಂದಷ್ಟು ಸವೆದು ಒರಟು ಭಾಗ ಬಾಯಿಗೆ ತೆರೆದುಕೊಂಡರೆ ಅಲ್ಲಿ ಕೂತ ಪ್ಲಾಕ್ (ಬ್ಯಾಕ್ಟೀರಿಯಾದ ಅಂಟು ಪದರ) ತೆಗೆಯುವುದು ತುಂಬ ಕಷ್ಟ. ನುಣುಪು ಮೇಲ್ಮೈಗಳಲ್ಲಿ ಈ ಬಗೆಯ ಮೂಳೆ ಸವೆತ ಕಡಿಮೆ ಇರಬಹುದು ಎಂಬುದಕ್ಕೆ ಕಾಕ್ರೇನ್ ಪರಿಶೀಲನೆಯಲ್ಲೂ ಸೀಮಿತ ಪುರಾವೆ ಸಿಕ್ಕಿತ್ತು. ಅಂದರೆ ಆರನೇ ವಾರದ ಗೆಲುವಿಗೆ ಹತ್ತನೇ ವರ್ಷದಲ್ಲಿ ಬೆಲೆ ತೆರಬೇಕಾಗಬಹುದು. ಕೆಲವು ಕಂಪನಿಗಳು ಕೆಳಭಾಗ ಒರಟು, ವಸಡಿನ ಹತ್ತಿರದ ಭಾಗ ನುಣುಪು ಮಾಡುತ್ತಿರುವುದಕ್ಕೆ ಇದೇ ಕಾರಣ. ಬೇಗ ಕೂಡಿಸುವ ಲೇಪನಗಳ ಸುದ್ದಿಯಲ್ಲಿ ಈ ಭಾಗ ಬರುವುದೇ ಅಪರೂಪ. ನನಗೆ ಹೆಚ್ಚು ಕಳವಳ ಹುಟ್ಟಿಸುವುದು ಇದೇ.

ನಿಜವಾಗಿ ಬೇಕಾದವರು ಯಾರು

ನಲವತ್ತರ ಆರೋಗ್ಯವಂತರು ಕೆಳದವಡೆಗೆ ಒಂದು ಇಂಪ್ಲಾಂಟ್ ಹಾಕಿಸಿಕೊಂಡರೆ, ಎರಡು ವಾರ ಮುಂಚೆ ಕೂಡಿತೋ ಇಲ್ಲವೋ ಎಂಬುದರಿಂದ ಅವರ ಬದುಕಿನಲ್ಲಿ ಹೆಚ್ಚೇನೂ ಬದಲಾಗದು. ಮೂಳೆ ನಿಧಾನವಾಗಿ ಕೂಡುವವರ ವಿಷಯ ಹಾಗಲ್ಲ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಲ್ಲಿ ಸಡಿಲವಾದ ಇಂಪ್ಲಾಂಟ್ ಮತ್ತೆ ಮೊದಲಿನ ಬಿಗಿಗೆ ಬರಲು ಹೆಚ್ಚು ದಿನ ಬೇಕಾಗುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ಬಾಯಿ ಕ್ಯಾನ್ಸರ್‌ಗೆ ವಿಕಿರಣ ಚಿಕಿತ್ಸೆ ಪಡೆದವರ ದವಡೆಯಲ್ಲಿ ರಕ್ತನಾಳಗಳೇ ಕಡಿಮೆಯಾಗಿರುತ್ತವೆ. ಹೊಗೆಸೊಪ್ಪು ಬಳಸುವವರಿಗೂ ವೈಫಲ್ಯದ ಅಪಾಯ ಜಾಸ್ತಿ. ಇವರಿಗೆ ಆ ದುರ್ಬಲ ವಾರಗಳು ಉದ್ದವಾಗುತ್ತವೆ, ಅಲ್ಲಿಯೇ ಇಂಪ್ಲಾಂಟ್ ಸೋಲುವುದು. ಆರಂಭದ ಓಟ ಇವರಿಗೆ ನಿಜವಾಗಿ ಬೇಕು.

ನಮ್ಮ ದೇಶದಲ್ಲಿ ಇಂಥವರು ಕಡಿಮೆ ಜನರಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಭಾರತದಲ್ಲಿ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. 2016–17ರ ರಾಷ್ಟ್ರೀಯ ತಂಬಾಕು ಸಮೀಕ್ಷೆಯಲ್ಲಿ ವಯಸ್ಕರಲ್ಲಿ ಶೇ 28.6ರಷ್ಟು ಮಂದಿ ಯಾವುದಾದರೂ ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಆದರೆ ಲೇಪನಗಳ ಬಹುಪಾಲು ಪ್ರಯೋಗಗಳು ಆರಿಸಿಕೊಳ್ಳುವುದು ಸಕ್ಕರೆ ಕಾಯಿಲೆ ಇಲ್ಲದ, ತಂಬಾಕು ಬಳಸದ, ಒಳ್ಳೆಯ ಮೂಳೆಯ ರೋಗಿಗಳನ್ನು. ಲೆಕ್ಕ ಸ್ವಚ್ಛವಾಗಿರಲಿ ಎಂಬುದು ಅವರ ಉದ್ದೇಶ. ಪರಿಣಾಮ ಏನೆಂದರೆ, ಲಾಭ ಕಡಿಮೆ ಇರುವವರ ಬಗ್ಗೆ ನಮಗೆ ಹೆಚ್ಚು ಗೊತ್ತು, ಲಾಭ ಹೆಚ್ಚಿರಬಹುದಾದವರ ಬಗ್ಗೆ ಕಡಿಮೆ ಗೊತ್ತು. ಈ ಪ್ರಯೋಗಗಳನ್ನು ಮಾಡಲು ನಮ್ಮ ಸರ್ಕಾರಿ ದಂತ ಕಾಲೇಜುಗಳಿಗಿಂತ ಒಳ್ಳೆಯ ಜಾಗ ಎಲ್ಲಿದೆ?

ಮುಂದೇನಾಗಬಹುದು

ಔಷಧಿ ಹಚ್ಚಿದ ಇಂಪ್ಲಾಂಟ್‌ಗಳು ಮಾರುಕಟ್ಟೆಗೆ ಬರಲು ಸಮಯ ಬೇಕು. ನಮ್ಮಲ್ಲಿ 2017ರ ವೈದ್ಯಕೀಯ ಸಾಧನಗಳ ನಿಯಮಗಳು ಸಾಧನಗಳನ್ನು ಅಪಾಯಕ್ಕೆ ತಕ್ಕಂತೆ ಎ, ಬಿ, ಸಿ, ಡಿ ಎಂದು ವಿಂಗಡಿಸುತ್ತವೆ. ಸ್ಕ್ರೂಗೆ ಔಷಧಿ ಸೇರಿದರೆ ಸ್ಕ್ರೂ ಗಟ್ಟಿ ಎಂದು ತೋರಿಸಿದರೆ ಸಾಲದು, ಔಷಧಿ ಎಷ್ಟು, ಎಲ್ಲಿಗೆ, ಎಷ್ಟು ದಿನ ಹೋಗುತ್ತದೆ ಎಂದೂ ತೋರಿಸಬೇಕಾಗುತ್ತದೆ. ಬೆಳಕು, ಪ್ಲಾಸ್ಮಾ, ರಕ್ತದ ಜೆಲ್ ಹಾಗಲ್ಲ. ಅವು ಕ್ಲಿನಿಕ್‌ನಲ್ಲೇ ನಡೆಯುವುದರಿಂದ ಬೇಗ ಹರಡುತ್ತವೆ, ಪುರಾವೆ ಆಮೇಲೆ ಬರುತ್ತದೆ. ಹಲ್ಲಿನ ಇಂಪ್ಲಾಂಟಿಗೆ ಆರೋಗ್ಯ ವಿಮೆ ಸಾಮಾನ್ಯವಾಗಿ ಸಿಗುವುದಿಲ್ಲ. ಹಾಗಾಗಿ ಹೆಚ್ಚುವರಿ ಖರ್ಚೆಲ್ಲ ನೇರವಾಗಿ ರೋಗಿಯ ಜೇಬಿಗೇ ಬೀಳುತ್ತದೆ. ಟಫ್ಟ್ಸ್‌ನ ನರ ಚಿಗುರಿಸುವ ಇಂಪ್ಲಾಂಟ್ ಇನ್ನೂ ದೂರದ ಮಾತು. ಅದು ಗೆದ್ದರೆ ಬ್ರೋನೆಮಾರ್ಕ್ ಕಾಲದಿಂದ ಬಂದ ‘ಮೂಳೆಗೇ ಕೂಡಬೇಕು’ ಎಂಬ ನಿಯಮವೇ ಮರುಪರಿಶೀಲನೆಗೆ ಬರುತ್ತದೆ.

ಅಲ್ಲಿಯವರೆಗೆ ರೋಗಿ ಕೇಳಬೇಕಾದ ಪ್ರಶ್ನೆಗಳು ಸರಳವಾದವು. ‘ಈ ಲೇಪನದಿಂದ ನನಗೆ ಎಷ್ಟು ವಾರ ಉಳಿಯುತ್ತದೆ? ನನ್ನಂಥ ರೋಗಿಗಳಲ್ಲಿ ಪರೀಕ್ಷಿಸಿದ್ದಾರಾ? ಐದು ವರ್ಷದ ಫಲಿತಾಂಶ ಇದೆಯಾ?’ ಸಕ್ಕರೆ ಕಾಯಿಲೆಯಿದ್ದರೆ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ಮಟ್ಟ ತೋರಿಸುವ ಅಂಕಿ) ಇಳಿಸಿಕೊಳ್ಳುವುದು, ಗುಟ್ಕಾ, ಸಿಗರೇಟು ಬಿಡುವುದು, ಆರು ತಿಂಗಳಿಗೊಮ್ಮೆ ಇಂಪ್ಲಾಂಟ್ ಸುತ್ತ ಸ್ವಚ್ಛ ಮಾಡಿಸುವುದು, ಇವುಗಳ ಲಾಭಕ್ಕೆ ಈಗಲೇ ಪುರಾವೆಯಿದೆ, ಖರ್ಚೂ ಕಡಿಮೆ. ಇಂಪ್ಲಾಂಟ್ ಡಬ್ಬಿಯ ಮೇಲೆ ಕಂಪನಿ, ಮಾದರಿ, ಲಾಟ್ ನಂಬರ್ ಇರುವ ಪುಟ್ಟ ಸ್ಟಿಕ್ಕರ್ ಇರುತ್ತದೆ. ಅದನ್ನು ಕೇಳಿ ಪಡೆದು ಫೈಲಿನಲ್ಲಿ ಅಂಟಿಸಿಡಬೇಕು. ಹೈಡ್ರಾಕ್ಸಿಅಪಟೈಟ್ ಲೇಪನದ ತೊಂದರೆ ವರ್ಷಗಳ ನಂತರ ಹೊರಬಂದಿತ್ತು. ಇಂದಿನ ಲೇಪನದಲ್ಲಿ ನಾಳೆ ಅಂಥದ್ದೇನಾದರೂ ಕಂಡರೆ, ದವಡೆಯೊಳಗೆ ಇರುವುದು ಯಾವುದೆಂದು ಹೇಳಲು ಆ ಸ್ಟಿಕ್ಕರ್ ಬಿಟ್ಟರೆ ಬೇರೆ ಸುಲಭದ ದಾರಿಯಿಲ್ಲ.